ಕಾರ್ಯಾಗಾರದಿಂದ ಬಂದ ಮೇಲೂ ಪಾಠ ಅದೇ ಆದರೆ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕಿ. ಭೂಮಿ, ಆಕಾಶ, ಬಾಹ್ಯಾಕಾಶ ಅಂತ ಕಾರ್ಯಾಗಾರಗಳಿಗೆ ಕರೆಯುತ್ತಾರೆ, ಓಓಡಿ (ಅನ್ಯ ಕರ್ತವ್ಯ) ಮೇಲೆ ಹೋಗಿ ಬರುತ್ತೇನೆ. ಶಾಲೆಗೆ ವಾಪಸ್ ಬಂದರೆ ಮತ್ತೆ ಪುಸ್ತಕ ಓದಿಸುವುದೇ ಆಗುತ್ತದೆ. ನಮ್ಮಲ್ಲಿ ಟೆಲಿಸ್ಕೋಪೂ ಇಲ್ಲ. ಯಾವ ಕಾರ್ಯಾಗಾರಕ್ಕೆ ಹೋದರೆ ಪ್ರಯೋಜನ ಎಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ಸುತ್ತೋಲೆ ಕೈಗೆ ಬಂದಾಗ ಸಂಪನ್ಮೂಲ ವ್ಯಕ್ತಿ ಯಾರು ಎಂದು ಹುಡುಕುವ ಮೊದಲು ವೇಳಾಪಟ್ಟಿ ಓದಿ. ಮಧ್ಯಾಹ್ನ ಹನ್ನೆರಡರಿಂದ ಒಂದರ ನಡುವೆ ಶಿಕ್ಷಕರನ್ನು ಬಿಸಿಲಿಗೆ ಇಳಿಸುವ ಕಾರ್ಯಕ್ರಮ ಇದ್ದರೆ ಹೋಗಿ. ಬೆಳಗಿನಿಂದ ಸಂಜೆವರೆಗೆ ಪಿಪಿಟಿಯೇ ಇದ್ದು, ಕೊನೆಗೆ ಗ್ರೂಪ್ ಫೋಟೊ ಇದ್ದರೆ, ಊಟ ಚೆನ್ನಾಗಿರಬಹುದು, ಅಷ್ಟೇ.

ಬಿಸಿಲು ಯಾಕೆ? ಒಂದು ಮೀಟರ್ ಉದ್ದದ ನೇರ ಕೋಲನ್ನು ಮೈದಾನದಲ್ಲಿ ನೆಟ್ಟು ನಡುಹಗಲಿನ ನೆರಳು ಅಳೆದರೆ, ನಮ್ಮ ಭಾಗದಲ್ಲಿ ಡಿಸೆಂಬರ್ 21–22ರ ಹೊತ್ತಿಗೆ ಸುಮಾರು 72 ಸೆಂಟಿಮೀಟರ್ ನೆರಳು ಉತ್ತರಕ್ಕೆ ಬೀಳುತ್ತದೆ. ಮಾರ್ಚ್ 21ರ ವೇಳೆಗೆ ಅದು 22 ಸೆಂಟಿಮೀಟರಿಗೆ ಇಳಿದಿರುತ್ತದೆ. ಜೂನ್ 21ಕ್ಕೆ ಸುಮಾರು 20 ಸೆಂಟಿಮೀಟರ್, ಆದರೆ ಈ ಸಲ ದಕ್ಷಿಣಕ್ಕೆ! ಈ ತಿರುವು ದೆಹಲಿಯ ಮಕ್ಕಳಿಗೆ ಕಾಣುವುದೇ ಇಲ್ಲ. ಅಲ್ಲಿ ನಡುಹಗಲ ನೆರಳು ವರ್ಷವಿಡೀ ಉತ್ತರಕ್ಕೇ. ಮೈಸೂರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಮಂಡ್ಯ ಅದಕ್ಕಿಂತ ತುಸು ಮೇಲೆ. ಹಾಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ಮೇಲೇ ಹಾದುಹೋಗುತ್ತಾನೆ: ಏಪ್ರಿಲ್ 22–23ರ ಸುಮಾರಿಗೆ ಒಮ್ಮೆ, ಆಗಸ್ಟ್ 20ರ ಆಸುಪಾಸಿನಲ್ಲಿ ಇನ್ನೊಮ್ಮೆ. ಆ ಕ್ಷಣ ಕೋಲಿಗೆ ನೆರಳೇ ಇರುವುದಿಲ್ಲ. ಏಪ್ರಿಲ್ ಶೂನ್ಯ ನೆರಳು ಬೇಸಿಗೆ ರಜೆಗೆ ಸಿಕ್ಕಿಬೀಳುತ್ತದೆ, ಆಗಸ್ಟ್‌ನದು ಮೋಡಕ್ಕೆ. ಅದಕ್ಕೇ ಆ ಒಂದು ದಿನವನ್ನೇ ನೆಚ್ಚಿಕೊಳ್ಳದೆ, ತಿಂಗಳಿಗೊಮ್ಮೆ ನೆರಳು ಅಳೆದು ಗೋಡೆಯ ಮೇಲೆ ಪಟ್ಟಿ ಬೆಳೆಸುತ್ತಾ ಹೋಗಿ.

ಅಳೆಯಬೇಕಾದದ್ದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಮೈಸೂರು 76.6ರಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ನಮ್ಮ ನಡುಹಗಲು ಸರಾಸರಿ 12 ಗಂಟೆ 23 ನಿಮಿಷಕ್ಕೆ; ಋತುವಿಗೆ ತಕ್ಕಂತೆ ಹದಿನೈದು ನಿಮಿಷ ಆಚೀಚೆ ಆಗುವುದುಂಟು. ನಡುಹಗಲಿನ ಸುತ್ತ ಐದೈದು ನಿಮಿಷಕ್ಕೊಂದು ಗುರುತು ಹಾಕಿದರೆ ಅತಿ ಗಿಡ್ಡ ನೆರಳು ತಾನಾಗಿ ಸಿಗುತ್ತದೆ. ಮಧ್ಯಾಹ್ನದ ಬಿಸಿಯೂಟಕ್ಕೆ ಸ್ವಲ್ಪ ತಡವಾಗಬಹುದು, ಅಡುಗೆಯವರಿಗೆ ಮೊದಲೇ ಹೇಳಿಡಿ.

ಒಳ್ಳೆಯ ಕಾರ್ಯಾಗಾರದ ಗುಟ್ಟು ಕೋಲಿನಲ್ಲಿಲ್ಲ, ಅಳೆಯುವ ಮೊದಲು ನಿಮ್ಮ ಬಾಯಿಂದಲೇ ಉತ್ತರ ಹೊರಡಿಸುವುದರಲ್ಲಿದೆ. “ಬೇಸಿಗೆಯಲ್ಲಿ ಸೆಕೆ ಯಾಕೆ?” ಎಂದು ಕೇಳಿದರೆ ಎಂಎಸ್‌ಸಿ ಮಾಡಿದವರೂ ಭೂಮಿ ಸೂರ್ಯನಿಗೆ ಹತ್ತಿರ ಬರುತ್ತದೆ ಎನ್ನುವುದುಂಟು. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ. ಜುಲೈಯಲ್ಲಿ 15.2 ಕೋಟಿ. ಕಾರಣ ಅಕ್ಷದ ಓರೆ ಎಂದು ಪುಸ್ತಕ ಹೇಳುತ್ತದೆ, ಸರಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮಂಡ್ಯದ ಹುಡುಗ ಕೇಳಬೇಕಾದದ್ದನ್ನೇ ಕೇಳುತ್ತಾನೆ: ಹಗಲು ಅತಿ ಉದ್ದ ಜೂನ್‌ನಲ್ಲಲ್ವಾ ಮಿಸ್, ಮತ್ತೆ ಸೆಕೆ ಏಪ್ರಿಲ್‌ನಲ್ಲೇ ಯಾಕೆ ಜಾಸ್ತಿ? ನಮ್ಮಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ್ದಕ್ಕೂ ಒಂದೂವರೆ ಗಂಟೆಯಷ್ಟೂ ವ್ಯತ್ಯಾಸವಿಲ್ಲ. ಏಪ್ರಿಲ್‌ನಲ್ಲಿ ಸೂರ್ಯ ನೆತ್ತಿಗೆ, ಆಕಾಶ ಬಿಳುಪು, ನೆಲ ಒಣ. ಜೂನ್‌ಗೆ ಮುಂಗಾರಿನ ಮೋಡ ಬಂದು ಕವಿಯುತ್ತದೆ. ಸಮಶೀತೋಷ್ಣ ದೇಶಗಳಿಗೆಂದು ಬರೆದ ಚಿತ್ರವನ್ನು ಇಲ್ಲಿ ಹಾಗೇ ಅಂಟಿಸುವ ಕಾರ್ಯಾಗಾರದಲ್ಲಿ ಈ ಪ್ರಶ್ನೆಗೆ ಜಾಗವೇ ಇರುವುದಿಲ್ಲ. ನನ್ನ ದೊಡ್ಡ ತಕರಾರು ಇದೇ.

ಟೆಲಿಸ್ಕೋಪ್ ಇಲ್ಲವೆಂದು ಕೊರಗಬೇಡಿ. ಒಂಟಿಕೊಪ್ಪಲ್ ಪಂಚಾಂಗವೋ ಗೋಡೆಯ ಕ್ಯಾಲೆಂಡರೋ ಇದ್ದೇ ಇರುತ್ತದಲ್ಲ. ಕೃಷ್ಣಪಕ್ಷದ ಅಷ್ಟಮಿ ಎಂದು ಬರುತ್ತದೆ ನೋಡಿ. ಆ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಅರ್ಧ ಚಂದ್ರ ಇನ್ನೂ ಪಶ್ಚಿಮದ ಆಕಾಶದಲ್ಲಿರುತ್ತಾನೆ. ಬಿಳಿ ಚೆಂಡೊಂದನ್ನು ಬಿಸಿಲಲ್ಲಿ, ಚಂದ್ರನ ದಿಕ್ಕಿಗೇ ಎತ್ತಿ ಹಿಡಿಸಿ. ಚೆಂಡಿನ ಮೇಲೆ ಬೆಳಕಿನ ಅರ್ಧ ಹೇಗಿದೆಯೋ ಚಂದ್ರನ ಮೇಲೂ ಹಾಗೇ! ಚಂದ್ರಕಲೆಗೆ ಭೂಮಿಯ ನೆರಳು ಕಾರಣ ಎಂಬ ನಂಬಿಕೆ ಅಲ್ಲೇ ಸಡಿಲವಾಗುತ್ತದೆ, ಏಕೆಂದರೆ ಚೆಂಡಿನ ಮೇಲೆ ಯಾವ ಭೂಮಿಯೂ ನೆರಳು ಹಾಕಿಲ್ಲ.

ಇನ್ನು ಕಲ್ಲು. ತರಬೇತಿಗಳಲ್ಲಿ ಲೇಬಲ್ ಅಂಟಿಸಿದ ಕಲ್ಲಿನ ಪೆಟ್ಟಿಗೆ ತೋರಿಸುತ್ತಾರೆ, ಮುಟ್ಟಿ ನೋಡಿ ಮುಂದಕ್ಕೆ ಕೊಡುತ್ತೇವೆ. ಅದಕ್ಕಿಂತ ಶಾಲೆಯ ಸುತ್ತ ಒಂದು ಸುತ್ತು ಹಾಕುವುದು ಮೇಲು. ಜಲ್ಲಿಯಲ್ಲಿ ಕಪ್ಪು–ಬಿಳಿ ಪಟ್ಟೆ ಕಂಡರೆ ಅದು ನೈಸ್, ರೂಪಾಂತರ ಶಿಲೆ. ನಮ್ಮ ಬಯಲಿನ ಅಡಿಪಾಯವೇ ಅದು, ಸುಮಾರು 300 ಕೋಟಿ ವರ್ಷದಷ್ಟು ಹಳೆಯದು. ಚಾಮುಂಡಿ ಬೆಟ್ಟ ಗ್ರಾನೈಟು, ಅಗ್ನಿಶಿಲೆ, ವಯಸ್ಸು ಸುಮಾರು 80 ಕೋಟಿ ವರ್ಷ. ಅಂದರೆ ಬೆಟ್ಟ ಕಿರಿಯದು, ಸುತ್ತಲಿನ ನೆಲ ಹಿರಿಯದು. ಕಣಶಿಲೆ (ಕಣಗಳು ಪದರಪದರವಾಗಿ ಕೂಡಿ ಆದ ಕಲ್ಲು) ಮಾತ್ರ ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಆದರೆ ಹಳೆಯ ಶಾಲೆಯ ಜಗಲಿಗೆ ಹಾಸಿರುವ ಶಹಾಬಾದ್ ಕಲ್ಲು? ಕಲಬುರಗಿ ಕಡೆಯಿಂದ ಬಂದ ಸುಣ್ಣದ ಕಲ್ಲು ಅದು, ಪಕ್ಕಾ ಕಣಶಿಲೆ. ಲ್ಯಾಬಿನ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ನೊರೆ ಬರುತ್ತದೆ, ಗ್ರಾನೈಟಿನ ಮೇಲೆ ಬರುವುದಿಲ್ಲ. (ಪಾಂಡವಪುರದ ಕಡೆ ಮಕ್ಕಳು ಬೇಬಿ ಬೆಟ್ಟದ ಕಲ್ಲುಗಣಿಯನ್ನೂ ಕೆಆರ್‌ಎಸ್ ಅಣೆಕಟ್ಟನ್ನೂ ಸೇರಿಸಿ, ಗಣಿಯ ಸ್ಫೋಟದಿಂದ ಅಣೆಕಟ್ಟಿಗೆ ಅಪಾಯವೇ ಎಂದು ಪ್ರಶ್ನೆ ಕೇಳುತ್ತಾರೆ. ತಪ್ಪಿಸಿಕೊಳ್ಳಬೇಡಿ, ಭೂವಿಜ್ಞಾನಕ್ಕೆ ಅದಕ್ಕಿಂತ ಒಳ್ಳೆಯ ಪ್ರವೇಶ ಬೇರೆ ಇಲ್ಲ.)

ಇಲ್ಲೊಂದು ತೊಡಕಿದೆ. ನಮ್ಮ ಪ್ರೌಢಶಾಲೆಗಳಲ್ಲಿ ಭೂಮಿ–ಆಕಾಶ ಒಬ್ಬರ ಪಾಲಿನದಲ್ಲ. ಗುರುತ್ವ ನಿಮ್ಮದು, ಶಿಲಾಗೋಳ–ವಾಯುಗೋಳ ಸಮಾಜ ವಿಜ್ಞಾನದವರದು. ವಿಜ್ಞಾನ ಕಾರ್ಯಾಗಾರಕ್ಕೆ ಅವರನ್ನು ಕರೆಯುವುದೇ ಇಲ್ಲ. ಕಲ್ಲಿನ ಪಾಠ ಮಾಡುವವರ ಕೈಗೆ ಆಮ್ಲದ ಬಾಟಲಿ ಸಿಗುವುದಿಲ್ಲ, ಆಮ್ಲ ಇರುವವರ ಪುಸ್ತಕದಲ್ಲಿ ಕಲ್ಲಿಲ್ಲ.

ಎಲ್ಲಿ ಹುಡುಕಬೇಕು ಎಂದರೆ, ಮೊದಲು ನಿಮ್ಮ ಜಿಲ್ಲೆಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ). ಮೈಸೂರಿನವರಿಗೆ ಅದು ವಸಂತ ಮಹಲ್. 1963ರಿಂದ ಇರುವ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮೈಸೂರಿನಲ್ಲೇ ಇದೆ, ಆದರೆ ಅಲ್ಲಿನ ತರಬೇತಿ ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿದ್ದು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವೂ ಶಿಕ್ಷಕರಿಗಾಗಿ ಕಾರ್ಯಾಗಾರ ನಡೆಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಗಳ ವೃತ್ತಿ ಬೆಳವಣಿಗೆ ಬೇಕೆನ್ನುತ್ತದೆ. ಸರ್ಕಾರದ ದೀಕ್ಷಾ ಜಾಲತಾಣದ ಆನ್‌ಲೈನ್ ಕೋರ್ಸಿನಿಂದ ಗಂಟೆ ತುಂಬುತ್ತದೆ, ಕೋಲು ನೆಡುವ ಕೆಲಸ ಹಾಗೇ ಉಳಿಯುತ್ತದೆ. ಆಗಸ್ಟ್ 23ರ ಬಾಹ್ಯಾಕಾಶ ದಿನದ ಸುತ್ತ ನಡೆಯುವ ಕಾರ್ಯಕ್ರಮಗಳಲ್ಲಿ ಥರ್ಮಾಕೋಲ್ ರಾಕೆಟ್ಟಿನದೇ ಕಾರುಬಾರು. ಮಕ್ಕಳನ್ನು ಕರೆದುಕೊಂಡು ಹೋಗಿ, ನಿಮಗೆ ಅದರಿಂದ ಹೆಚ್ಚೇನೂ ಇಲ್ಲ.

ಮುಂದಿನ ಸಲ ಸುತ್ತೋಲೆ ಬಂದಾಗ ಸಮಾಜ ವಿಜ್ಞಾನದ ಮೇಷ್ಟ್ರಿಗೂ ಓಓಡಿ ಕೊಡುವಂತೆ ಎಚ್ಎಂ ಅವರನ್ನು ಕೇಳಿ. ಕೊಡದಿದ್ದರೆ ನೀವು ಹೋಗಿ ಬಂದ ವಾರದಲ್ಲೇ, ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ, ಅವರನ್ನು ಮೈದಾನಕ್ಕೆ ಕರೆಯಿರಿ. ಬರುವಾಗ ಒಂದು ಅಳತೆ ಟೇಪು ತರಲು ಹೇಳಿ.