ಪೇಜರ್ ಉತ್ತರಿಸದಿದ್ದರೆ ತಪ್ಪು ಯಾರದು?

ಸಾಮಾನ್ಯ ರೇಡಿಯೊ ರಿಸೀವರ್‌ಗೆ ಆಂಟೆನಾ ಸಾಕೆಟ್ ಇರುತ್ತದೆ, ಸ್ಪೀಕರ್ ಇರುತ್ತದೆ. ಕೇಬಲ್ ಸಿಕ್ಕಿಸಿ, ಮೀಟರ್ ನೋಡಿ ಅದರ ಆರೋಗ್ಯವನ್ನು ಹೇಳಿಬಿಡಬಹುದು. ಪೇಜರ್‌ನಲ್ಲಿ ಎರಡೂ ಇಲ್ಲ. ಆಂಟೆನಾ ಎಂದರೆ ಒಳಗೇ ಕುಳಿತಿರುವ ಪುಟ್ಟ ಲೋಹದ ಸುತ್ತು. ಉತ್ತರವೂ ಎರಡೇ ಬಗೆ: ಬೀಪ್ ಅಥವಾ ಮೌನ. ಆ ಮೌನಕ್ಕೆ ಕಾರಣ ಪೇಜರೋ ಪರೀಕ್ಷಾ ಮೇಜೋ (ಅದಕ್ಕೆ ಸಂದೇಶ ಕಳುಹಿಸುವ ನಮ್ಮ ಉಪಕರಣಗಳ ಜೋಡಣೆ) ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಆದ್ದರಿಂದ ಮೊದಲ ಅನುಮಾನ ಮೇಜಿನ ಮೇಲಿರಲಿ.

ಪೇಜರ್‌ಗೆ ಸಂದೇಶ ಕಳುಹಿಸುವ ಪೊಕ್ಸ್ಯಾಗ್ ಪದ್ಧತಿಯನ್ನೇ ತೆಗೆದುಕೊಳ್ಳೋಣ. ಸೆಕೆಂಡಿಗೆ 512, 1200 ಅಥವಾ 2400 ಬಿಟ್ ವೇಗ. 'ಒಂದು' ಎಂಬ ಬಿಟ್ ಕಳುಹಿಸಬೇಕಾದರೆ ವಾಹಕ ಆವರ್ತನ (ಸಂದೇಶ ಹೊರುವ ರೇಡಿಯೊ ಅಲೆಯ ಆವರ್ತನ) 4.5 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ, ಸೊನ್ನೆಗೆ ಅಷ್ಟೇ ಮೇಲೇರುತ್ತದೆ. ರೇಡಿಯೊ ಅಲೆ ಹುಟ್ಟಿಸುವ ಸಿಗ್ನಲ್ ಜನರೇಟರ್‌ನ, ಆವರ್ತನವನ್ನು ಏರಿಳಿಸುವ ಎಫ್‌ಎಂ ಇನ್‌ಪುಟ್‌ಗೆ ಕಂಪ್ಯೂಟರಿನಿಂದ ಬಿಟ್‌ಗಳನ್ನು ಕೊಟ್ಟರೆ ಮುಗಿಯಿತು ಎನಿಸುತ್ತದೆ. ಹೆಚ್ಚಿನ ಜೋಡಣೆಗಳು ಕೆಡುವುದು ಇಲ್ಲಿಯೇ.

ಆ ಇನ್‌ಪುಟ್ ಡಿಸಿ ಜೋಡಣೆಯದ್ದಾಗಿರಬೇಕು, ಅಂದರೆ ಬದಲಾಗದೆ ನಿಂತ ವೋಲ್ಟೇಜನ್ನೂ ಹಾಗೆಯೇ ದಾಟಿಸಬೇಕು. ನಡುವೆ ಕೆಪಾಸಿಟರ್ ಇದ್ದರೆ (ಸೌಂಡ್ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ) ಒಂದೇ ಬಗೆಯ ಬಿಟ್‌ಗಳು ಸಾಲಾಗಿ ಬಂದಾಗ ಮಟ್ಟ ನಿಧಾನವಾಗಿ ನಡುವಿಗೆ ಜಾರುತ್ತದೆ. 512ರ ವೇಗದಲ್ಲಿ ಒಂದು ಬಿಟ್ ಸುಮಾರು 2 ಮಿಲಿಸೆಕೆಂಡ್. ಹತ್ತು ಸೊನ್ನೆಗಳು ಒಟ್ಟಿಗೆ ಬಂದರೆ ಜಾರಲು ಸಾಕಷ್ಟು ಸಮಯ. ಆಗ ಕೆಲವು ಸಂದೇಶಗಳು ಸರಿಯಾಗಿ ತಲುಪುತ್ತವೆ, ಕೆಲವು ತಲುಪುವುದೇ ಇಲ್ಲ. ಪೇಜರ್‌ಗೆ 'ಮೂಡಿ' ಎಂಬ ಹಣೆಪಟ್ಟಿ ಬೀಳುತ್ತದೆ, ಪಾಪ.

ಪರೀಕ್ಷಿಸುವ ಬಗೆ ಸರಳ. ಬಿಟ್‌ಧಾರೆಯನ್ನು ನಿಲ್ಲಿಸಿ ಇನ್‌ಪುಟ್‌ನಲ್ಲಿ ಬರೀ ಒಂದನ್ನು ಹಿಡಿದಿಡಿ. ಫ್ರೀಕ್ವೆನ್ಸಿ ಕೌಂಟರ್ 4.5 ಕಿಲೋಹರ್ಟ್ಸ್ ಕಡಿಮೆ ತೋರಿಸಿ ಅಲ್ಲೇ ನಿಲ್ಲಬೇಕು. ನಂತರ ಬರೀ ಸೊನ್ನೆ, ಅಷ್ಟೇ ಹೆಚ್ಚು. ಅಂಕಿ ಮೆಲ್ಲಗೆ ನಡುವಿಗೆ ಮರಳಿದರೆ ಕೆಪಾಸಿಟರ್ ಅಡಗಿದೆ ಎಂದರ್ಥ. ದಿಕ್ಕು ತಿರುಗಿದ್ದರೆ ಅದೂ ಇಲ್ಲಿಯೇ ಸಿಕ್ಕಿಬೀಳುತ್ತದೆ. ತಲೆಕೆಳಗಾದ ಬಿಟ್‌ಧಾರೆ ದೊಡ್ಡ ಮೋಸಗಾರ: ಆರಂಭದ ಒಂದು-ಸೊನ್ನೆ-ಒಂದು-ಸೊನ್ನೆ ತಲೆಕೆಳಗಾದರೂ ಹಾಗೆಯೇ ಕಾಣುತ್ತದೆ; ಪೇಜರ್ ಎಚ್ಚರಗೊಂಡು, ಮುಂದಿನ ಸಿಂಕ್ ಕೋಡ್ (ಸಂದೇಶದ ಶುರುವನ್ನು ಗುರುತಿಸುವ ನಿಗದಿತ ಬಿಟ್‌ಸಾಲು) ಹೊಂದದೆ ಮತ್ತೆ ಮಲಗುತ್ತದೆ.

ಆ ಆರಂಭದ ಸಾಲು ಕನಿಷ್ಠ 576 ಬಿಟ್ ಇರಬೇಕು. ಬ್ಯಾಟರಿ ಉಳಿಸಲು ಪೇಜರ್ ಆಗಾಗ ಮಾತ್ರ ಕಣ್ಣು ತೆರೆಯುವುದರಿಂದ ಇದನ್ನು ಮೊಟಕುಗೊಳಿಸುವಂತಿಲ್ಲ. ಇನ್ನು ಸಂದೇಶಧಾರೆಯಲ್ಲಿ ಫ್ರೇಮ್ ಎಂಬ ಎಂಟು ಭಾಗಗಳಿರುತ್ತವೆ, ಎಣಿಕೆ 0ರಿಂದ 7; ಪೇಜರ್‌ನ ವಿಳಾಸ ಸಂಖ್ಯೆಯನ್ನು ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪೇಜರ್ ಕಿವಿಗೊಡುವ ಫ್ರೇಮ್. 1234567 ಎಂಬ ವಿಳಾಸಕ್ಕೆ ಶೇಷ 7; ಇದನ್ನು 6ನೇ ಫ್ರೇಮ್‌ನಲ್ಲಿ ಕೂಗಿದರೆ ಯಾರೂ ಓಗೊಡುವುದಿಲ್ಲ.

ಈಗ ಸಂವೇದನೆ, ಅಂದರೆ ಎಷ್ಟು ದುರ್ಬಲ ಸಿಗ್ನಲ್‌ವರೆಗೆ ಪೇಜರ್‌ಗೆ ಕೇಳಿಸುತ್ತದೆ ಎಂಬುದು. ಸಾಕೆಟ್ ಇಲ್ಲದ್ದರಿಂದ ಇದನ್ನು ಮೀಟರಿಗೆ ಇಷ್ಟು ಮೈಕ್ರೋವೋಲ್ಟ್ ಎಂಬ ಕ್ಷೇತ್ರಬಲದಲ್ಲಿ ಹೇಳುತ್ತಾರೆ. ಆ ಕ್ಷೇತ್ರವನ್ನು ಹಿಡಿತದಲ್ಲಿ ಹುಟ್ಟಿಸಲು ಟೆಮ್ ಸೆಲ್ ಬೇಕು: ನಡುವೆ ಒಂದು ತಗಡು ಇರುವ ಲೋಹದ ಪೆಟ್ಟಿಗೆ, ಪೇಜರನ್ನು ಅದರೊಳಗೆ ಇಡುತ್ತಾರೆ. ಒಳಗಿನ ತಗಡಿಗೂ ತಳಕ್ಕೂ 10 ಸೆಂಟಿಮೀಟರ್ ಅಂತರವಿದ್ದು, ಮೀಟರಿಗೆ 5 ಮೈಕ್ರೋವೋಲ್ಟ್ ಕ್ಷೇತ್ರ ಬೇಕಾದರೆ ಸೆಲ್‌ಗೆ 0.5 ಮೈಕ್ರೋವೋಲ್ಟ್ ಸಾಕು. 50 ಓಮ್‌ನಲ್ಲಿ ಅದು ಮೈನಸ್ 113 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್ ಅಳತೆ). ಸೆಲ್‌ನ ಬಾಯಿಗೆ ಸಿಗ್ನಲನ್ನು ತಗ್ಗಿಸುವ 10 ಡೆಸಿಬೆಲ್ ಅಟೆನ್ಯುಯೇಟರ್ ಹಾಕುವುದು ನನ್ನ ಅಭ್ಯಾಸ, ಆಗ ಜನರೇಟರ್ ಮೈನಸ್ 103 ತೋರಿಸಬೇಕು. ಜನರೇಟರ್ ತೋರಿಸುವುದು ಲೋಡ್ ಇಲ್ಲದ ವೋಲ್ಟೇಜೋ ಲೋಡ್ ಮೇಲಿನದೋ ಎಂಬುದನ್ನು ಗಮನಿಸದಿದ್ದರೆ 6 ಡೆಸಿಬೆಲ್ ಸದ್ದಿಲ್ಲದೆ ತಪ್ಪಿಹೋಗುತ್ತದೆ.

ಪೇಜರನ್ನು ಫೋಮ್ ತುಂಡಿನ ಮೇಲಿಟ್ಟು, ಅತ್ಯುತ್ತಮವಾಗಿ ಸ್ಪಂದಿಸುವ ಭಂಗಿ ಸಿಗುವವರೆಗೆ ತಿರುಗಿಸಿ. ಸೋರಿಕೆಯನ್ನೂ ನೋಡಿ: ಕೇಬಲ್ ಕಳಚಿ, ಜನರೇಟರ್ ಬಾಯಿಗೆ 50 ಓಮ್ ಲೋಡ್ ಹಾಕಿ, ಅದೇ ಮಟ್ಟದಲ್ಲಿ ಸಂದೇಶ ಕಳುಹಿಸಿ. ಪೇಜರ್ ಆಗಲೂ ಬೀಪ್ ಎಂದರೆ ಅಲ್ಲಿಯವರೆಗಿನ ನಿಮ್ಮ ಅಳತೆಗಳು ಕಸದ ಬುಟ್ಟಿಗೆ.

ಅಂಚಿನಲ್ಲಿ ಪೇಜರ್ ಒಮ್ಮೆ ಕೂಗುತ್ತದೆ, ಒಮ್ಮೆ ಇಲ್ಲ. ಹಾಗಾಗಿ ಶೇಕಡಾ 80ರಷ್ಟು ಕರೆಗಳು ತಲುಪುವ ಮಟ್ಟವನ್ನೇ ಸಂವೇದನೆ ಎನ್ನುವುದು ರೂಢಿ. ಸತತ ಮೂರು ಕರೆ ತಲುಪಿದರೆ ಸಿಗ್ನಲ್ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ, ಒಂದು ತಪ್ಪಿದರೂ ಏರಿಸಿ, ಮಟ್ಟಗಳ ಸರಾಸರಿ ತೆಗೆದರೆ ಅದು ತಾನಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ, 0.8ನ್ನು ಮೂರು ಬಾರಿ ಗುಣಿಸಿ ನೋಡಿ, ಹತ್ತಿರ ಹತ್ತಿರ ಅರ್ಧ; ಅಂದರೆ ಅಲ್ಲಿ ಇಳಿಯುವ ಸಾಧ್ಯತೆಯೂ ಏರುವ ಸಾಧ್ಯತೆಯೂ ಸಮ.

ಕೊನೆಯದಾಗಿ ಜನರೇಟರನ್ನು 1 ಕಿಲೋಹರ್ಟ್ಸ್ ಮೇಲಕ್ಕೂ ಕೆಳಕ್ಕೂ ಸರಿಸಿ ಅದೇ ಅಳತೆ ಮಾಡಿ. ಎರಡೂ ಕಡೆ ಸಂವೇದನೆ ಸಮನಾಗಿ ಕುಸಿದರೆ, ಪೇಜರ್ ಕೇಳುವ ಆವರ್ತನವನ್ನು ನಿಗದಿಪಡಿಸುವ ಕ್ರಿಸ್ಟಲ್ ನೆಟ್ಟಗಿದೆ. ಒಂದು ಕಡೆ ಸುಧಾರಿಸಿದರೆ ಕ್ರಿಸ್ಟಲ್ ಆ ಕಡೆಗೆ ಸರಿದಿದೆ, ಅದನ್ನು ಸರಿಹೊಂದಿಸುವ ಟ್ರಿಮ್ಮರ್ ತಿರುಗಿಸುವ ಸ್ಕ್ರೂಡ್ರೈವರನ್ನು ಈಗ ಕೈಗೆತ್ತಿಕೊಳ್ಳಬಹುದು.