ಪರ್ಸೆಂಟೇಜ್ ಎಷ್ಟಿದೆ ಅಂತ ನನ್ನನ್ನು ಕೇಳಬೇಡಿ

ದಾವಣಗೆರೆಯಲ್ಲಿ ಪ್ಯಾರಾ ಅಥ್ಲೀಟ್‌ಗಳಿಗೆ ಕೋಚಿಂಗ್ ಕೊಡುವ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ತರಬೇತಿ ಬಗ್ಗೆ ಅಲ್ಲ, ಅಂಗವಿಕಲತೆಯ ಪರ್ಸೆಂಟೇಜ್ ಬಗ್ಗೆ. "ಸರ್, ಮಗನಿಗೆ 60 ಪರ್ಸೆಂಟ್ ಐತಿ, ಆಗ್ತೈತಾ?" "75 ಮಾಡಿಸಿದ್ರೆ ಇಂಟರ್‌ನ್ಯಾಷನಲ್ ಆಡಬಹುದಂತೆ, ಹೌದೇನ್ರೀ?" ಜಗಳೂರಿನಿಂದ, ಹೊನ್ನಾಳಿಯಿಂದ, ಆ ಕಡೆ ಹಿರಿಯೂರಿನಿಂದಲೂ ಇದೇ ಪ್ರಶ್ನೆ. ಹುಡುಗ ಏನು ಎಸೀತಾನೆ, ಎಷ್ಟು ದೂರ ಎಸೀತಾನೆ, ರಾತ್ರಿ ಸರಿಯಾಗಿ ನಿದ್ದೆ ಮಾಡ್ತಾನಾ, ಇದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ಒಮ್ಮೆ ಕೂತು ಬರೆದೇ ಬಿಡೋಣ ಅನ್ನಿಸಿತು.

ನಿಮ್ಮ ಕೈಯಲ್ಲಿರುವ ಅಂಗವಿಕಲತೆ ಸರ್ಟಿಫಿಕೇಟ್ ಸರ್ಕಾರಿ ಸೌಲಭ್ಯಕ್ಕೆ ಇರುವ ಕಾಗದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೀಸಲಾತಿ ಸಿಗುತ್ತದೆ, ಬಸ್ ಪಾಸ್‌ಗೂ ಅದೇ ಬೇಕು, 75ಕ್ಕೆ ಹೋದರೆ ಪಿಂಚಣಿ ಜಾಸ್ತಿ. ಆ 75 ಜನರ ತಲೆಯಲ್ಲಿ ಕೂತಿರುವುದೇ ಇದಕ್ಕೆ, ಅದು ನನಗೂ ಅರ್ಥವಾಗುತ್ತದೆ. ಆದರೆ ಕ್ರೀಡೆಯಲ್ಲಿ ಕ್ಲಾಸ್, ಅಂದರೆ ಸ್ಪರ್ಧಿಸುವ ವಿಭಾಗ, ಕೊಡುವಾಗ ಆ ಅಂಕಿಯನ್ನು ಯಾರೂ ನೋಡುವುದಿಲ್ಲ. ಅದನ್ನು ತೋರಿಸಿ ಕ್ಲಾಸ್ ಕೇಳುವುದು ರೇಷನ್ ಕಾರ್ಡ್ ತೋರಿಸಿ ಡ್ರೈವಿಂಗ್ ಲೈಸೆನ್ಸ್ ಕೇಳಿದ ಹಾಗೆ.

ಕ್ರೀಡೆಯಲ್ಲಿ ನಡೆಯುವುದು ಕ್ಲಾಸಿಫಿಕೇಷನ್. ಅಲ್ಲೊಂದು ಪ್ಯಾನೆಲ್ ಇರುತ್ತದೆ. ಒಬ್ಬರು ಡಾಕ್ಟರ್ ಅಥವಾ ಫಿಸಿಯೋ, ಇನ್ನೊಬ್ಬರು ಆಟ ಗೊತ್ತಿರುವವರು. ಅವರು ಕೇಳುವುದು ಒಂದೇ: ಈ ತೊಂದರೆ ಈ ಆಟಕ್ಕೆ ಎಷ್ಟು ಅಡ್ಡ ಬರುತ್ತದೆ? ನಿಮ್ಮ ಜೀವನಕ್ಕೆ ಎಷ್ಟು ಕಷ್ಟ ಅಂತ ಅಲ್ಲ, ಈ ಆಟಕ್ಕೆ ಎಷ್ಟು ಅಂತ. ಸ್ನಾಯುವಿನ ಶಕ್ತಿಗೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ, ಕೀಲು ಎಷ್ಟು ಬಾಗುತ್ತದೆ ನೋಡುತ್ತಾರೆ, ಎಸೆಯಲು ಹೇಳುತ್ತಾರೆ. ಆಮೇಲೆ ಸ್ಪರ್ಧೆಯಲ್ಲೂ ಕಣ್ಣಿಟ್ಟಿರುತ್ತಾರೆ.

ಇನ್ನೂ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಜನ ಎಡವುವುದು ಇಲ್ಲೇ. ಒಬ್ಬನಿಗೆ ಕಾಲು ಸ್ವಲ್ಪ ಸಣ್ಣದು, ಜೊತೆಗೆ ಕಿವಿಯೂ ಕೇಳುವುದಿಲ್ಲ ಅಂದುಕೊಳ್ಳಿ. ಸರ್ಟಿಫಿಕೇಟಿನಲ್ಲಿ ಎರಡೂ ಸೇರಿ ಪರ್ಸೆಂಟೇಜ್ ಮೇಲೆ ಹೋಗುತ್ತದೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಕಿವಿ ಲೆಕ್ಕಕ್ಕೇ ಇಲ್ಲ, ಕಿವುಡರಿಗೆ ಡೆಫ್ಲಿಂಪಿಕ್ಸ್ ಅಂತ ಬೇರೆ ಕೂಟವೇ ಇದೆ. ಉಳಿದದ್ದು ಕಾಲು. ಎರಡು ಕಾಲಿನ ಉದ್ದದಲ್ಲಿ ಕನಿಷ್ಠ 7 ಸೆಂಟಿಮೀಟರ್ ವ್ಯತ್ಯಾಸ ಇಲ್ಲದಿದ್ದರೆ ಅಥ್ಲೆಟಿಕ್ಸ್‌ನಲ್ಲಿ ಆ ಕಾರಣಕ್ಕೆ ಕ್ಲಾಸ್ ಸಿಗುವುದಿಲ್ಲ. ಇನ್ನೊಬ್ಬಳು ಮಿಲ್ಲಿನಲ್ಲಿ ಒಂದು ಕೈಯ ಬೆರಳುಗಳನ್ನು ಕಳೆದುಕೊಂಡವಳು. ಅವಳ ಕಷ್ಟ ಸುಳ್ಳಲ್ಲ, ಕಾರ್ಡೂ ಸುಳ್ಳಲ್ಲ. ಆದರೆ ಅಥ್ಲೆಟಿಕ್ಸ್ ನಿಯಮ ಒಂದು ಕೈ ಅಂದರೆ ಮಣಿಕಟ್ಟಿನಿಂದಲೇ ಇಲ್ಲದಿರಬೇಕು ಅನ್ನುತ್ತದೆ. ಇದನ್ನು ಆ ಮಗುವಿನ ಎದುರು ಹೇಳುವಾಗ ನನಗೆ ಹೊಟ್ಟೆ ಕಿವುಚುತ್ತದೆ. ಆದರೂ ಮೊದಲ ದಿನವೇ ಹೇಳುತ್ತೇನೆ, ವರ್ಷಗಟ್ಟಲೆ ಆಸೆ ಹುಟ್ಟಿಸಿ ಆಮೇಲೆ ಹೇಳುವುದು ಇನ್ನೂ ದೊಡ್ಡ ಅನ್ಯಾಯ ಅಲ್ವಾ. ಬೇರೆ ಆಟಗಳ ನಿಯಮ ಬೇರೆ ಇರುತ್ತದೆ, ವಿಚಾರಿಸಿ ನೋಡಿ.

ಕ್ಲಾಸ್ ನಂಬರ್ ಅಂದರೆ ರ್‍ಯಾಂಕ್ ಅಲ್ಲ. ನೀವು ಯಾರ ಜೊತೆ ಸ್ಪರ್ಧಿಸಬೇಕು ಅನ್ನುವುದಷ್ಟೇ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸುಮಿತ್ ಅಂಟಿಲ್ ಕೃತಕ ಕಾಲಿನಲ್ಲಿ ಸ್ಪರ್ಧಿಸುವವರ ಎಫ್64ರಲ್ಲಿ 70.59 ಮೀಟರ್ ಜಾವೆಲಿನ್ (ಈಟಿ) ಎಸೆದು ಚಿನ್ನ ಗೆದ್ದರು. ಎತ್ತರ ಕಡಿಮೆ ಇರುವವರ ಎಫ್41ರಲ್ಲಿ ನವದೀಪ್ ಸಿಂಗ್ 47.32 ಮೀಟರ್ ಎಸೆದು ಚಿನ್ನ ಗೆದ್ದರು. ಎರಡೂ ಚಿನ್ನವೇ. ಇನ್ನು ಪ್ಯಾರಾ ಪವರ್‌ಲಿಫ್ಟಿಂಗ್ ನೋಡಿ, ಅಲ್ಲಿ ಅರ್ಹತೆ ಸಿಕ್ಕಿದ ಮೇಲೆ ದೇಹದ ತೂಕದ ವಿಭಾಗ ಮಾತ್ರ. ಕಾಲಿಲ್ಲದವರೂ, ಬೆನ್ನುಹುರಿಗೆ ಪೆಟ್ಟಾದವರೂ ಒಂದೇ ಬೆಂಚಿನ ಮೇಲೆ ಎತ್ತುತ್ತಾರೆ.

ಈಗ ಒಬ್ಬ ತಂದೆಯ ಕಥೆ. ಹುಡುಗನಿಗೆ ಹುಟ್ಟುವಾಗಲೇ ಎಡಗೈಯ ನರ ಎಳೆದುಕೊಂಡು ಭುಜ ಸೋತಿತ್ತು. ಬಲಗೈ ಮಾತ್ರ ಗಟ್ಟಿ, ಹೊಲದಲ್ಲಿ ಕೆಲಸ ಮಾಡಿ ಬೆಳೆದ ಕೈ. ತಂದೆ ಪ್ಲಾಸ್ಟಿಕ್ ಕವರಿನಲ್ಲಿ ಫೈಲ್ ಹಿಡಿದು ಬಂದಿದ್ದರು. ಪರ್ಸೆಂಟೇಜ್ ಜಾಸ್ತಿ ಮಾಡಿಸೋದಕ್ಕೆ ಆಫೀಸು ಆಸ್ಪತ್ರೆ ಸುತ್ತಿ ಸುತ್ತಿ ಒಂದಿಡೀ ಸೀಸನ್ ಕಳೆದಿತ್ತು. ಸಾಲದ್ದಕ್ಕೆ ಯಾರೋ ಪುಣ್ಯಾತ್ಮರು "ಡಾಕ್ಟರ್ ಮುಂದೆ ಕೈ ಎತ್ತಬೇಡ, ಬರಲ್ಲ ಅನ್ನು" ಅಂತ ಹುಡುಗನಿಗೆ ಹೇಳಿಕೊಟ್ಟಿದ್ದರು. ನಾನು ಕೈ ಎತ್ತು ಅಂದಾಗ ಅವನು ಅಪ್ಪನ ಮುಖ ನೋಡಿದ.

"ಯಜಮಾನ್ರೇ, ಇದೊಂದು ಮಾತ್ರ ಮಾಡಿಸಬೇಡಿ" ಅಂತ ಕೈ ಮುಗಿದೆ. ಪ್ಯಾನೆಲ್ ಎದುರು ಬೇಕಂತಲೇ ಶಕ್ತಿ ಮುಚ್ಚಿಟ್ಟರೆ ಅದು ಮೋಸ, ವರ್ಷಗಟ್ಟಲೆ ನಿಷೇಧ ಬೀಳಬಹುದು. ಅಷ್ಟೇ ಅಲ್ಲ, ಕ್ಲಾಸ್ ತಪ್ಪಿದರೆ ಕೈಗೆ ಬಂದ ಪದಕವೂ ಹೋಗುತ್ತದೆ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಕೂತು ಎಸೆಯುವವರ ಡಿಸ್ಕಸ್ ಎಫ್52ರಲ್ಲಿ ನಮ್ಮ ದೇಶಕ್ಕೆ ಬಂದಿದ್ದ ಕಂಚು ಹೀಗೆ ಕ್ಲಾಸಿಫಿಕೇಷನ್ ಪ್ರಶ್ನೆಯಲ್ಲೇ ಕೈ ತಪ್ಪಿತು. ಇಡೀ ದೇಶ ಸಂಭ್ರಮಿಸಿದ ಮೇಲೆ.

ನನ್ನ ಅಂದಾಜಿಗೆ ಆ ಹುಡುಗ ಎಫ್46ಕ್ಕೆ ಬರಬಹುದು. ಬರಬಹುದು ಅಂತಷ್ಟೇ ಹೇಳುತ್ತೇನೆ, ನಾನು ಕೋಚ್, ಕ್ಲಾಸಿಫೈಯರ್ ಅಲ್ಲ. ಇದು ದೇವೇಂದ್ರ ಝಾಝರಿಯಾ 2004ರ ಅಥೆನ್ಸ್‌ನಲ್ಲಿ ಒಮ್ಮೆ, 2016ರ ರಿಯೊದಲ್ಲಿ 63.97 ಮೀಟರ್ ಎಸೆದು ಇನ್ನೊಮ್ಮೆ ಚಿನ್ನ ಗೆದ್ದ ಕೈ ತೊಂದರೆಯವರ ವಿಭಾಗ. ಸುಲಭದ ಪದಕ ಇಲ್ಲಿ ಬಿದ್ದಿಲ್ಲ.

ಅವನ ನಿಜವಾದ ಸಮಸ್ಯೆ ಎಸೆತದಲ್ಲಿತ್ತು. ಜಾವೆಲಿನ್ ಬಲಗೈಯ ಆಟ ಅಂತ ಎಲ್ಲರೂ ತಿಳಿದಿದ್ದಾರೆ, ಆದರೆ ಎಡಗೈ ಕೆಲಸ ಅರ್ಧ ಇದೆ. ಬಿಡುವ ಮುಂಚೆ ಎಡಗೈ ಮುಂದಕ್ಕೆ ಚಾಚಿ, ಆಮೇಲೆ ಪಕ್ಕೆಗೆ ಒತ್ತಿ ನಿಂತರೆ ಎಡ ಮೈ ಗೋಡೆಯಾಗುತ್ತದೆ, ಬಲಮೈಯ ವೇಗ ಈಟಿಗೆ ಹೋಗುತ್ತದೆ. ಇವನಿಗೆ ಆ ಕೈಯಲ್ಲಿ ಬಲ ಇಲ್ಲದ್ದರಿಂದ ಎದೆ ಬೇಗ ತೆರೆದುಕೊಂಡು ಈಟಿ ಎಡಕ್ಕೆ ಓಡುತ್ತಿತ್ತು. ಆ ಗೋಡೆಯನ್ನು ಎಡಗಾಲು, ಎಡ ಸೊಂಟ, ಹೊಟ್ಟೆಯ ಸ್ನಾಯುಗಳಿಂದ ಕಟ್ಟಬೇಕು. ನಿಂತಲ್ಲಿಂದ ಎಸೆಯುವುದು, ಮೂರು ಹೆಜ್ಜೆಯಲ್ಲಿ ಎಸೆಯುವುದು, ಮೆಡಿಸಿನ್ ಬಾಲ್ ಅನ್ನುವ ಭಾರದ ಚೆಂಡು ಎಸೆಯುವುದು. ಬೇಸರ ಬರುವ ಕೆಲಸ. ಆದರೆ ದೂರ ಹೆಚ್ಚುವುದು ಇಲ್ಲಿ, ಸರ್ಟಿಫಿಕೇಟಿನಲ್ಲಿ ಅಲ್ಲ.

ಕೂತು ಎಸೆಯುವವರದ್ದೂ ಇದೇ ಕಥೆ. ಪರ್ಸೆಂಟೇಜ್ ಹಿಂದೆ ಓಡಾಡಿ ಖರ್ಚು ಮಾಡುವ ದುಡ್ಡಲ್ಲಿ ಒಂದು ಒಳ್ಳೆ ಥ್ರೋಯಿಂಗ್ ಫ್ರೇಮ್, ಅಂದರೆ ಕೂತು ಎಸೆಯುವ ಕುರ್ಚಿ, ಮಾಡಿಸಿ. ನಮ್ಮೂರಲ್ಲೇ ವೆಲ್ಡಿಂಗ್ ಶಾಪಿನವರು ಚೆನ್ನಾಗಿ ಮಾಡಿಕೊಡುತ್ತಾರೆ, ಅಳತೆ ಮಾತ್ರ ನಾವು ನಿಂತು ಕೊಡಬೇಕು. ದಿಂಬೂ ಸೇರಿ ಸೀಟಿನ ಎತ್ತರ 75 ಸೆಂಟಿಮೀಟರ್ ದಾಟಬಾರದು. ನಿಮಗೆ ಯಾವುದಾದರೂ 75 ಮುಖ್ಯ ಆಗಬೇಕಿದ್ದರೆ ಇದು. ಹಿಡಿಯುವ ಕಂಬ ಬಾಗಬಾರದು, ಕಟ್ಟುವ ಬೆಲ್ಟ್ ಎಳೆದರೆ ಹಿಗ್ಗಬಾರದು. ಮೊಣಕಾಲು, ಸೊಂಟ ಯಾವ ಕೋನದಲ್ಲಿ ಕೂರಬೇಕು ಅನ್ನುವುದು ಒಬ್ಬೊಬ್ಬರಿಗೂ ಬೇರೆ. ಅದಕ್ಕೆ ಇನ್ನೊಬ್ಬರ ಫ್ರೇಮ್ ತಂದು ಕೂರಿಸಬೇಡಿ.

ನನ್ನ ಹತ್ತಿರ ಬರುವಾಗ ಸರ್ಟಿಫಿಕೇಟ್ ಜೊತೆಗೆ ಹಳೆಯ ಆಪರೇಷನ್ ಕಾಗದ, ಎಂಆರ್‌ಐ, ಎಕ್ಸ್‌ರೇ ಏನಿದೆಯೋ ಎಲ್ಲ ತನ್ನಿ. ಮುಂದೆ ಪ್ಯಾನೆಲ್‌ಗೆ ಬೇಕಾಗುವುದು ಅವೇ. ಮಕ್ಕಳಾದರೆ ಒಮ್ಮೆ ಸಿಕ್ಕ ಕ್ಲಾಸ್ ಕೊನೇವರೆಗೂ ಇರುತ್ತದೆ ಅಂತ ತಿಳಿಯಬೇಡಿ, ಮರುಪರಿಶೀಲನೆಗೆ ಕರೆಯಬಹುದು. ಬೆಳಿಗ್ಗೆ ಆರಕ್ಕೇ ಗ್ರೌಂಡಿಗೆ ಬಂದುಬಿಡಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಭಾಗ ಸರಿಯಾಗಿ ಬೆವರುವುದಿಲ್ಲ, ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಮೈ ಬೇಗ ಕಾದುಬಿಡುತ್ತದೆ. ಒಂದು ಒದ್ದೆ ಟವೆಲ್, ನೀರು ಚಿಮುಕಿಸುವ ಬಾಟಲಿ ಜೊತೆಗಿರಲಿ.