ಕೋವಿಡ್ ಟೈಮಲ್ಲಿ ಆಸ್ಪತ್ರೆ ಕಸ: ಹಳದಿ ಚೀಲಕ್ಕೆ ಏನ್ ಹೋಗ್ಬೇಕಿತ್ತು?

ಪರೀಕ್ಷೆಗೆ ಈ ಟಾಪಿಕ್ ಓದೋವಾಗ ಎಲ್ರೂ ಎಷ್ಟು ಟನ್ ಕಸ ಬಂತು ಅನ್ನೋ ಲೆಕ್ಕಾನೇ ಬಾಯಿಪಾಠ ಮಾಡ್ತಾರೆ, ಮಾಡಿ ಬೇಡ ಅನ್ನಲ್ಲ, ಆದ್ರೆ ನನ್ ಪ್ರಕಾರ ಕಸ ಜಾಸ್ತಿ ಆಗಿದ್ದಕ್ಕಿಂತ ಕಸ ಮಿಕ್ಸ್ ಆಗಿದ್ದೇ ದೊಡ್ಡ ತಲೆನೋವು. ಅದೊಂದು ತಲೆಗೆ ಹೋದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ.

ಮೊದ್ಲು ಬೇಸಿಕ್. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಆಸ್ಪತ್ರೆ ಕಸದಲ್ಲಿ ಸುಮಾರು 85% ಮಾಮೂಲಿ ಕಸ, ಪೇಪರ್ರು, ಊಟದ್ದು, ಪ್ಯಾಕಿಂಗ್ ಡಬ್ಬ ಇಂಥದ್ದು. ಅಪಾಯ ಇರೋದು 15% ಅಷ್ಟೇ. ಈಗ ಒಂದು ವಾರ್ಡಲ್ಲಿ 100 ಕೆಜಿ ಕಸ ಬಂತು ಅಂದ್ಕೊಳ್ಳಿ, ಸರಿಯಾಗಿ ಬೇರೆ ಮಾಡಿದ್ರೆ 15 ಕೆಜಿಗೆ ಮಾತ್ರ ಸ್ಪೆಷಲ್ ಟ್ರೀಟ್‌ಮೆಂಟ್ ಬೇಕು, ಭಯಕ್ಕೆ ಎಲ್ಲಾನೂ ಒಂದೇ ಚೀಲಕ್ಕೆ ತುರುಕಿದ್ರೆ 100 ಕೆಜಿನೂ ಇನ್ಸಿನರೇಟರ್‌ಗೇ (ಕಸ ಸುಡೋ ಕುಲುಮೆಗೆ) ಹೋಗ್ಬೇಕು. ರೋಗಿಗಳ ಸಂಖ್ಯೆ ಒಂಚೂರೂ ಏರದೇನೇ ಸುಡೋ ಕಸ ಆರು ಪಟ್ಟು ಮೇಲಾಯ್ತು ನೋಡಿ.

ನಮ್ ದೇಶದ 2016ರ ಆಸ್ಪತ್ರೆ ಕಸದ ರೂಲ್ಸಲ್ಲಿ ಚೀಲ, ಡಬ್ಬಗಳಿಗೆ ನಾಲ್ಕು ಬಣ್ಣ ಇದೆ. ಹಳದಿ ಸುಡೋಕೆ, ಕೆಂಪು ಆಟೋಕ್ಲೇವ್ ಮಾಡಿ (ಒತ್ತಡದ ಬಿಸಿ ಆವಿಯಲ್ಲಿ ಕ್ರಿಮಿ ಸಾಯಿಸಿ) ಪುಡಿ ಮಾಡಿ ರೀಸೈಕಲ್‌ಗೆ, ಬಿಳಿ ಡಬ್ಬ ಸೂಜಿ ಬ್ಲೇಡ್‌ಗೆ, ನೀಲಿ ಗಾಜಿಗೆ. ಪಿಪಿಇ ಕಿಟ್ (ಸೋಂಕು ತಗುಲದಂತೆ ಹಾಕ್ಕೊಳ್ಳೋ ರಕ್ಷಣಾ ಉಡುಪು) ವಿಷಯದಲ್ಲೇ ಕನ್ಫ್ಯೂಸ್ ಆಗೋದು, ಯಾಕಂದ್ರೆ ಕಿಟ್ ಪೂರ್ತಿ ಒಂದೇ ಚೀಲಕ್ಕೆ ಹೋಗಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ (ಸಿಪಿಸಿಬಿ) ಗೈಡ್‌ಲೈನ್ ಪ್ರಕಾರ ಮಾಸ್ಕ್, ತಲೆ ಕ್ಯಾಪ್, ಶೂ ಕವರ್ ಹಳದಿಗೆ, ಗಾಗಲ್ಸ್, ಫೇಸ್ ಶೀಲ್ಡ್, ನೈಟ್ರೈಲ್ ಗ್ಲೌಸ್, ಮೈಪೂರ್ತಿ ಮುಚ್ಚೋ ಪ್ಲಾಸ್ಟಿಕ್ ಕವರಾಲ್ ಕೆಂಪಿಗೆ. ಕಾರಣ ಸಿಂಪಲ್, ಪ್ಲಾಸ್ಟಿಕ್ ಜಾಸ್ತಿ ಬಿದ್ರೆ ಕುಲುಮೆ ಟೆಂಪರೇಚರ್ ಕಂಟ್ರೋಲ್ ತಪ್ಪುತ್ತೆ, ಅದ್ರಲ್ಲೂ ಪಿವಿಸಿ ಥರ ಕ್ಲೋರಿನ್ ಇರೋ ಪ್ಲಾಸ್ಟಿಕ್ ಸರಿಯಾಗಿ ಸುಡದೇ ಹೋದ್ರೆ ಡಯಾಕ್ಸಿನ್ ಅನ್ನೋ ವಿಷ ಬರುತ್ತೆ. ಅದಕ್ಕೇ ಕುಲುಮೆಯ ಎರಡನೇ ಚೇಂಬರಲ್ಲಿ 1050 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರ್ಬೇಕು, ಹೊಗೆ ಅಲ್ಲಿ ಕನಿಷ್ಠ 2 ಸೆಕೆಂಡ್ ನಿಲ್ಬೇಕು ಅನ್ನೋ ಕಂಡೀಷನ್. ಈ ಎರಡು ನಂಬರ್ ನೆನಪಿಟ್ಕೊಳ್ಳಿ.

ಸಿಪಿಸಿಬಿ ಮೊದಲ ಗೈಡ್‌ಲೈನ್ ಬಂದಿದ್ದು 2020ರ ಮಾರ್ಚಲ್ಲಿ, ಜುಲೈ ಅಷ್ಟೊತ್ತಿಗೆ ನಾಲ್ಕು ಸಲ ತಿದ್ದಿಯಾಗಿತ್ತು. ಎರಡು ಪದರದ ಚೀಲ, ಮೇಲೆ ಕೋವಿಡ್ ಅಂತ ಲೇಬಲ್, ಡಬ್ಬಕ್ಕೆ 1% ಸೋಡಿಯಂ ಹೈಪೋಕ್ಲೋರೈಟ್ (ಕ್ರಿಮಿನಾಶಕ), ಇದೆಲ್ಲ ಅದ್ರಲ್ಲಿತ್ತು. ತಿದ್ದುಪಡಿಗಳಲ್ಲಿ ನನಗೆ ಇಂಟರೆಸ್ಟಿಂಗ್ ಅನ್ಸಿದ್ದು ಬೇರೆ: ಹಣ್ಣಿನ ಸಿಪ್ಪೆ, ನೀರಿನ ಬಾಟಲಿ, ಔಷಧಿ ರಟ್ಟಿನ ಡಬ್ಬ ಇವನ್ನೆಲ್ಲ ಹಳದಿಗೆ ಹಾಕ್ಬೇಡಿ, ಮಾಮೂಲಿ ಕಸಕ್ಕೆ ಬೇರೆಯಾಗಿ ಕೊಡಿ ಅಂತ ಬಿಡಿಸಿ ಬಿಡಿಸಿ ಬರೀಬೇಕಾಯ್ತು. ಹಾಗೆ ಬರೀಬೇಕಾಯ್ತು ಅಂದ್ರೆ ಚೀಲದೊಳಗೆ ಏನೇನ್ ಬರ್ತಿತ್ತು ಅಂತ ನೀವೇ ಊಹಿಸ್ಕೊಳ್ಳಿ.

ಮನೇಲಿ ಕ್ವಾರಂಟೈನ್ ಇದ್ದೋರು ಮಾಸ್ಕನ್ನ 72 ಗಂಟೆ ಪೇಪರ್ ಚೀಲದಲ್ಲಿಟ್ಟು, ಕತ್ತರಿಸಿ ಬಿಸಾಕಿ ಅಂತಾನೂ ಗೈಡ್‌ಲೈನಲ್ಲಿ ಇತ್ತಲ್ಲ, ಆ 72 ಸುಮ್ನೆ ಬಂದಿದ್ದಲ್ಲ ಅನ್ಸುತ್ತೆ. 2020ರ ಮಾರ್ಚಲ್ಲೇ ಅಮೆರಿಕದ ಒಂದು ಲ್ಯಾಬ್ ಸ್ಟಡಿ, ವೈರಸ್ ಪ್ಲಾಸ್ಟಿಕ್ ಮತ್ತು ಸ್ಟೀಲ್ ಮೇಲೆ 72 ಗಂಟೆವರೆಗೂ ಸಿಗುತ್ತೆ, ರಟ್ಟಿನ ಮೇಲೆ 24 ಗಂಟೆ, ತಾಮ್ರದ ಮೇಲೆ ಬರೀ 4 ಗಂಟೆ ಅಂತ ತೋರಿಸಿತ್ತು. ಆದ್ರೆ ಅದು ಲ್ಯಾಬ್ ಕಂಡೀಷನ್, ಅಲ್ಲಿ ಸಿಕ್ತು ಅಂದಾಕ್ಷಣ ಕಸದಿಂದ ಸೋಂಕು ಹರಡೇ ಹರಡುತ್ತೆ ಅಂತ ಅರ್ಥ ಅಲ್ಲ, ಉತ್ತರ ಬರೆಯೋವಾಗ ಈ ಎರಡನ್ನೂ ಬೆರೆಸ್ಬೇಡಿ.

ಇನ್ನು ಟನ್ ಲೆಕ್ಕ. 2022ರ ಫೆಬ್ರವರಿಯಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆ ರಿಪೋರ್ಟಲ್ಲಿ, 2020ರ ಮಾರ್ಚಿಂದ 2021ರ ನವೆಂಬರ್‌ವರೆಗೆ ವಿಶ್ವಸಂಸ್ಥೆ ಮೂಲಕ ಕಳಿಸಿದ ಪಿಪಿಇನೇ ಸುಮಾರು 87,000 ಟನ್, 800 ಕೋಟಿ ಡೋಸ್ ಲಸಿಕೆಯಿಂದ ಸಿರಿಂಜ್, ಸೂಜಿ, ಸೇಫ್ಟಿ ಬಾಕ್ಸ್ ಎಲ್ಲ ಸೇರಿ 1,44,000 ಟನ್. ಜಗತ್ತಿನ 30% ಆರೋಗ್ಯ ಕೇಂದ್ರಗಳಿಗೆ ಎಂದಿನಷ್ಟು ಬರೋ ಕಸ ನಿಭಾಯಿಸೋ ವ್ಯವಸ್ಥೇನೇ ಆಗ ಇರ್ಲಿಲ್ಲ, ತೀರಾ ಬಡ ದೇಶಗಳಲ್ಲಿ ಅದು 60%. ಪರಿಹಾರ ಅಂತ ಅವ್ರು ಹೇಳೋದ್ರಲ್ಲಿ ಸುಡದೇ ಟ್ರೀಟ್ ಮಾಡೋ ವಿಧಾನ, ತೊಳೆದು ಮತ್ತೆ ಬಳಸೋ ಗೌನ್ ಇವೆಲ್ಲ ಇದೆ, ಜೊತೆಗೆ ಗ್ಲೌಸ್ ಬಗ್ಗೆ ಒಂದು ಮಾತು: ಲಸಿಕೆ ಚುಚ್ಚೋಕೆ ಸಾಮಾನ್ಯವಾಗಿ ಗ್ಲೌಸ್ ಬೇಕಿರಲಿಲ್ಲ, ಕೈ ಸರಿಯಾಗಿ ತೊಳ್ಕೊಂಡ್ರೆ ಸಾಕಿತ್ತು. 5 ಮಾರ್ಕ್ಸಿನ ಪ್ರಶ್ನೆ ಬಂದ್ರೆ ಇದನ್ನ ಬಿಡ್ದೇ ಬರೀರಿ, ಎಲ್ರೂ ಇನ್ಸಿನರೇಟರ್ ಚಿತ್ರ ಬರ್ಕೊಂಡು ಕೂತಿರ್ತಾರೆ.